ಹೊದಿಕೆ ಇಲ್ಲ

ಔಷಧಿ ಹೊಡೆಯುವುದಿಲ್ಲ. ಹೊದಿಸುವುದಿಲ್ಲ.
ಗೇಟಿನ ಹಲಗೆಯ ಮೇಲೆ ನಾನೇ ಬರೆದ ಎರಡು ಮಾತು.
ಸಸ್ಕಾಚೆವಾನಿನ ಈ ಬಟ್ಟಬಯಲಲ್ಲಿ
ಗಾಳಿಗೆ ತಡೆ ಅಂತಿದ್ದರೆ ನಮ್ಮ ಬೇಲಿಯೊಂದೇ,
ಅದರಾಚೆ ಸೀದಾ ಉತ್ತರ ಧ್ರುವ,
ಎಂದು ನಗುತ್ತಾಳೆ ಟೆಕ್ಲಾ.

ಗಿಡ ಕೊಳ್ಳಲು ಬಂದವರಿಗೆ ಮೊದಲು ತಿಪ್ಪೆ ತೋರಿಸುತ್ತೇನೆ.
ಇಲ್ಲಿ ಮಲಗಿದ್ದಾರೆ ನೋಡಿ ಚೆಲುವೆಯರೆಲ್ಲ.
ಈ ನೂರೆಸಳಿನವಳು
ಮೊದಲ ಚಳಿಗೇ ಬೇರಿನವರೆಗೆ ಕಪ್ಪಾದಳು.
ಜೇನುಗಂಪಿನವಳು ಜುಲೈ ಕಳೆಯುವುದರೊಳಗೆ
ಮೈತುಂಬ ಬೂದಿ ಬಳಿದುಕೊಂಡು ಸನ್ಯಾಸಿನಿಯಾದಳು.
ಇನ್ನೊಬ್ಬಳು ತುಕ್ಕು ಹಿಡಿದು
ನಮ್ಮ ಹಳೆಯ ಟ್ರ್ಯಾಕ್ಟರಿಗೆ ತಂಗಿಯಾದಳು.

ಉಳಿದವು ಒರಟು.
ಹಂದಿಬೆನ್ನಿನಂಥ ಮುಳ್ಳು, ಸುಕ್ಕುಸುಕ್ಕು ಎಲೆ,
ಎಣಿಸಿದರೆ ಐದೇ ಎಸಳು.
ಮೈನಸ್ ನಲವತ್ತೊಂದರಲ್ಲಿ
ಕಬ್ಬಿಣದ ಬಾಗಿಲು ಕೈಯ ಚರ್ಮ ಕಿತ್ತುಕೊಳ್ಳುವ ರಾತ್ರಿಯಲ್ಲಿ
ಹಿಮದಿಂದ ಮೇಲೆ ಚಾಚಿ ನಿಂತ ರೆಂಬೆಗಳು,
ಏಪ್ರಿಲ್ಲಿನಲ್ಲಿ ತುದಿಯನ್ನು ಉಗುರಿನಿಂದ ಗೀರಿದರೆ
ಹಸಿರು.
ಉಗುರಡಿಯ ಅಷ್ಟು ಹಸಿರಿಗೆ ಮೂವತ್ತೆಂಟು ವರ್ಷ.

ಹಳದಿಯದೊಂದಿದೆ.
ಕೋಳಿಗೂಡಿನ ತೆಂಕಣ ಗೋಡೆಗೆ ಬೆನ್ನು ಒತ್ತಿಕೊಂಡು.
ಕಪ್ಪು ಚುಕ್ಕೆ ಹಳದಿಗೆ ತವರಿನ ಉಡುಗೊರೆ,
ಅದರ ಮುತ್ತಜ್ಜಿ ಪರ್ಶಿಯಾದಿಂದ ಬರುವಾಗಲೇ
ಸೆರಗಿಗೆ ಕಟ್ಟಿಕೊಂಡು ಬಂದದ್ದು.
ಆಗಸ್ಟ್ ನಡುವಿಗೆಲ್ಲ ಎಲೆ ಉದುರಿ
ಬಟ್ಟೆ ಹಾರಿಹೋದ ಕೊಡೆಯ ಕಡ್ಡಿಗಳಾಗಿ ನಿಲ್ಲುತ್ತದೆ.
ಎರಡನೆಯ ವರ್ಷವೇ ಕೀಳಬೇಕಿತ್ತು.
ಸಲಿಕೆ ಹಿಡಿದು ಹೋಗಿದ್ದೆ ಕೂಡ.
ಟೆಕ್ಲಾ ಅಲ್ಲಿ ನಿಂತು ಕೋಳಿಗಳಿಗೆ ಕಾಳು ಹಾಕುತ್ತಿದ್ದಳು,
ಬುಟ್ಟಿ ಬರಿದಾದ ಮೇಲೂ ಹಾಕುತ್ತಲೇ ಇದ್ದಳು,
ಖಾಲಿ ಕೈ ಬೀಸಿ ಬೀಸಿ.
ನಾನು ಹೋಗಿ ಆಲೂಗಡ್ಡೆ ಅಗೆದೆ.

ಅಕ್ಟೋಬರಿನಲ್ಲಿ, ಸಹಕಾರ ಸಂಘದ ಸಭೆಗೆ ನಾನು ಹೋದ ಸಂಜೆ,
ಸ್ಪ್ರೂಸ್ ಸೊಪ್ಪಿನ ರಾಶಿ ಒಂದು ಹೊರೆ ಕರಗುತ್ತದೆ.
ಎರಡು ಹಿಟ್ಟಿನ ಚೀಲ ಕಾಣೆ. ಒಂದು ವರ್ಷ, ನನ್ನ ಕೋಟು.
ಅಲ್ಲಿಂದ ಮೇ ತಿಂಗಳವರೆಗೆ
ಕೋಳಿಗೂಡಿನ ಆ ಬದಿಗೆ ನನಗೆ ದಾರಿ ಮರೆತುಹೋಗುತ್ತದೆ.
ಮೇನಲ್ಲಿ ಅವಳೇ ಕರೆಯುತ್ತಾಳೆ:
ಒನೂಫ್ರಿ, ಬಾ ನೋಡು, ಬದುಕಿದೆ, ತನ್ನಷ್ಟಕ್ಕೆ ತಾನೇ.
ಅವಳ ತೋಳಿನ ಉಣ್ಣೆಯಲ್ಲಿ ಸಿಕ್ಕಿದ ಸ್ಪ್ರೂಸ್ ಸೂಜಿ ಕಿತ್ತೆಸೆದು
ಗಟ್ಟಿ ಜೀವ, ಎನ್ನುತ್ತೇನೆ.

ನನ್ನ ಲೆಕ್ಕದ ಪುಸ್ತಕ ಸುಳ್ಳು ಹೇಳುವುದಿಲ್ಲ.
ವರ್ಷ, ಕನಿಷ್ಠ ಉಷ್ಣಾಂಶ, ಚುಕ್ಕೆ, ತುಕ್ಕು, ಬೂದಿ,
ಕೊನೆಯ ಕಾಲಂ ಹೊದಿಕೆ:
ಇಲ್ಲ, ಇಲ್ಲ, ಇಲ್ಲ, ಇಲ್ಲ.
ಹಳದಿಯ ಸಾಲಿನಲ್ಲಿ ಏನೂ ಇಲ್ಲ.
ಕಾಲೇಜಿನಿಂದ ಬಂದ ಹುಡುಗಿ ಬೆರಳಿಟ್ಟು ಕೇಳಿದಳು, ಇದು?
ಶಾಯಿ ಹೆಪ್ಪುಗಟ್ಟಿತ್ತು, ಅಂದೆ.
ಹದಿನಾಲ್ಕು ವರ್ಷವೂ?
ಇಲ್ಲಿ ಚಳಿ ಜಾಸ್ತಿ ಕಣಮ್ಮ.

ಈ ಸಲ ಟೆಕ್ಲಾಳ ಮಂಡಿಗೆ ಉಕ್ಕು ಹಾಕಿದ್ದಾರೆ.
ಬಗ್ಗುವ ಹಾಗಿಲ್ಲ ಕ್ರಿಸ್ಮಸ್ಸಿನವರೆಗೆ.
ರೇಡಿಯೋ ಮೈನಸ್ ಹನ್ನೆರಡು ಅಂದಿದೆ ಇವತ್ತು ರಾತ್ರಿಗೆ.
ಸಭೆಗೆಂದು ಬೂಟು ಹಾಕಿಕೊಂಡವನು
ಕೈಯಲ್ಲಿ ಚೀಲ ಹಿಡಿದು ಕೋಳಿಗೂಡಿನ ಹಿಂದೆ ನಿಂತಿದ್ದೇನೆ.
ಸೊಪ್ಪು ಮೊದಲೋ, ಚೀಲ ಮೊದಲೋ?
ಕಟ್ಟುವುದೋ, ಕಲ್ಲು ಹೇರುವುದೋ?
ಮುನ್ನೂರು ಗುಲಾಬಿ ಬೆಳೆದ ಕೈಗೆ
ಒಂದನ್ನು ಹೊದಿಸಿ ಗೊತ್ತಿಲ್ಲ.
ಕೋಳಿಗಳು ಕತ್ತು ಓರೆ ಮಾಡಿ ನೋಡುತ್ತಿವೆ.

ಅಡುಗೆಮನೆಯ ಕಿಟಕಿ ತಟ್ಟಿದ ಸದ್ದು.
ಊರುಗೋಲು ಗಾಜಿಗೊರಗಿಸಿ
ಎರಡೂ ಕೈಯಲ್ಲಿ ಗಾಳಿಯನ್ನು ಗುಡ್ಡೆ ಮಾಡಿ ತೋರಿಸುತ್ತಿದ್ದಾಳೆ ಟೆಕ್ಲಾ,
ಮಣ್ಣು, ಮೊದಲು ಬುಡಕ್ಕೆ ಮಣ್ಣು,
ನಾನು ಒಂದು ಚೀಲ ಎಳೆದೆನೋ ಇಲ್ಲವೋ
ಮತ್ತೆ ಗಾಜು ತಟ್ಟುತ್ತಾಳೆ,
ಹಾಗಲ್ಲ, ಹಾಗಲ್ಲ.